ಬಟ್ಟೆ ಚೀಲಕ್ಕೆ ಗುರುತು: ಮಾರ್ಕರ್, ಪಟ್ಟಿ, ಕಸೂತಿ, ಬಣ್ಣ – ಯಾರಿಗೆ ಯಾವುದು?

ಸೂಟ್‌ಕೇಸಿನೊಳಗೆ ಸಾಮಾನನ್ನು ಸಣ್ಣ ಸಣ್ಣ ಬಟ್ಟೆ ಚೀಲಗಳಲ್ಲಿ ವಿಂಗಡಿಸಿ ಇಡುವುದು ಒಳ್ಳೆಯ ಅಭ್ಯಾಸ. ಆದರೆ ಚೀಲಗಳು ಆರೇಳು ದಾಟಿದವೆಂದರೆ ಒಂದು ಮಾತ್ರೆ ಹುಡುಕಲು ಎಲ್ಲದರ ಲಾಡಿ ಬಿಚ್ಚಬೇಕಾಗುತ್ತದೆ. ಮುಂಬೈಗೆ ಹೋಗುವ ಮತ್ಸ್ಯಗಂಧದ ಬೋಗಿಯಲ್ಲಿ ದೀಪ ಆರಿಸಿದ ಮೇಲೆ, ಶಿರಾಡಿ ಘಾಟಿಯ ತಿರುವಿನಲ್ಲಿ ಓಲಾಡುವ ರಾತ್ರಿ ಬಸ್ಸಿನಲ್ಲಿ, ಬಜಪೆಯ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ಈ ಹುಡುಕಾಟದ ಕಷ್ಟ ಪಟ್ಟವರಿಗೇ ಗೊತ್ತು. ಗುರುತು ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಮಾರ್ಕರ್‌ನಲ್ಲಿ ಬರೆದುಬಿಟ್ಟರೆ ಸಾಕೇ, ಪಟ್ಟಿ ಹೊಲಿಸಬೇಕೇ, ಕಸೂತಿ ಹಾಕಬೇಕೇ, ಇಸ್ತ್ರಿ ಒತ್ತಿ ಅಂಟಿಸುವ ಅಕ್ಷರ ತರಬೇಕೇ, ಬಣ್ಣದ ರಿಬ್ಬನ್ ಕಟ್ಟಿದರೆ ಮುಗಿಯಿತೇ ಎನ್ನುವಲ್ಲಿ ಮನಸ್ಸು ಡೋಲಾಯಮಾನವಾಗುತ್ತದೆ.

ಆರಿಸುವ ಮೊದಲು ನೋಡಬೇಕಾದ್ದು

ಮೊದಲನೆಯದು, ಚೀಲದೊಳಗಿನ ಸಾಮಾನು ಪ್ರತಿ ಪ್ರಯಾಣಕ್ಕೂ ಬದಲಾಗುತ್ತದೆಯೇ ಇಲ್ಲವೇ. ಔಷಧದ ಚೀಲ ಯಾವತ್ತೂ ಔಷಧದ್ದೇ. ಮಗುವಿನ ಬಟ್ಟೆಯ ಚೀಲ ಎರಡು ವರ್ಷ ಕಳೆದರೆ ಬೇರೆ ಯಾವುದಕ್ಕೋ ಹೋಗುತ್ತದೆ. ಬದಲಾಗದ್ದಕ್ಕೆ ಶಾಶ್ವತ ಗುರುತು, ಬದಲಾಗುವುದಕ್ಕೆ ತೆಗೆದು ಹಾಕಬಹುದಾದ ಗುರುತು. ಇದೊಂದನ್ನು ತೀರ್ಮಾನಿಸಿದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯಿತು.

ಎರಡನೆಯದು ಚೀಲದ ಬಟ್ಟೆ. ಕೋರಾ, ಪಾಪ್ಲಿನ್, ಕ್ಯಾನ್ವಾಸ್‌ನಂಥ ಹತ್ತಿ ಬಟ್ಟೆ ಶಾಯಿಯನ್ನೂ ಇಸ್ತ್ರಿಯ ಬಿಸಿಯನ್ನೂ ತಾಳುತ್ತದೆ. ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ತೆಳು ನೈಲಾನ್ ಶಾಯಿ ಹೀರುವುದಿಲ್ಲ, ಬಿಸಿಗೆ ಮುದುಡುತ್ತದೆ. ಸೀರೆಯ ಕವರಿಗೆ ಬಳಸುವ ನಾನ್‌ವೋವನ್ ಬಟ್ಟೆ ನೋಡಲು ಬಟ್ಟೆಯಂತಿದ್ದರೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಇಸ್ತ್ರಿಪೆಟ್ಟಿಗೆಯ ಒಂದು ಚುಕ್ಕೆ ಎಂದರೆ 110 ಡಿಗ್ರಿವರೆಗೆ, ಎರಡು ಚುಕ್ಕೆ 150, ಮೂರು ಚುಕ್ಕೆ 200. ನಾನ್‌ವೋವನ್ ಕವರಿನ ಮೇಲೆ ಹತ್ತಿಯ ಬಿಸಿಯ ಇಸ್ತ್ರಿ ಇಟ್ಟರೆ ಕವರೂ ಹಾಳು, ಇಸ್ತ್ರಿಪೆಟ್ಟಿಗೆಯೂ ಹಾಳು.

ಮೂರನೆಯದು ನಮ್ಮ ಹವೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿಟ್ಟ ಬಟ್ಟೆಯೂ ತೇವವಾಗಿರುತ್ತದೆ. ಉಕ್ಕಿನ ಪಿನ್ನಿಗೆ ಉಪ್ಪುಗಾಳಿಯಲ್ಲಿ ಬೇಗ ತುಕ್ಕು ಬರುತ್ತದೆ, ಆ ತುಕ್ಕಿನ ಕಲೆ ಬಿಳಿ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಅಂಟು ಬಿಡುತ್ತದೆ. ಹತ್ತಿ ನೂಲಿಗೆ ಬೂಷ್ಟು ಹಿಡಿದು ಕುಂಬಾಗುತ್ತದೆ. ಒಣ ಹವೆಯ ಊರಿನವರು ಹೇಳಿಕೊಡುವ ಎಷ್ಟೋ ಉಪಾಯಗಳು ಇಲ್ಲಿ ಒಂದು ಮಳೆಗಾಲಕ್ಕೇ ಸೋಲುತ್ತವೆ. ಆದ್ದರಿಂದ ಈ ಬರಹದ ಉದ್ದಕ್ಕೂ ಒಂದು ಪಕ್ಷಪಾತ ಕಾಣಿಸುತ್ತದೆ: ಅಂಟಿಗಿಂತ, ಪಿನ್ನಿಗಿಂತ ಹೊಲಿಗೆ ಮೇಲು.

ಕೊನೆಯದು, ಯಾರು ಓದಬೇಕು, ಎಂಥ ಬೆಳಕಿನಲ್ಲಿ ಓದಬೇಕು. ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ, ದುಬೈಯಲ್ಲಿ ಬೆಳೆದ ಮೊಮ್ಮಗನಿಗೆ ಇಂಗ್ಲಿಷ್ ಮಾತ್ರ ಓದಲು ಬರುತ್ತದೆ ಎಂದಾದರೆ ಅಕ್ಷರದ ಜೊತೆ ಒಂದು ಚಿತ್ರವೂ ಬೇಕು. ಸ್ಲೀಪರ್ ಬೋಗಿಯ ನೀಲಿ ರಾತ್ರಿದೀಪದಲ್ಲಿ ಕೆಂಪು ಬಣ್ಣ ಕಪ್ಪಾಗಿಯೇ ಕಾಣುತ್ತದೆ. ಹಗಲಲ್ಲಿ ಚಂದ ಕಂಡ ಬಣ್ಣದ ಗುರುತು ಅಲ್ಲಿ ಉಪಯೋಗಕ್ಕೆ ಬಾರದು.

ಚೀಲದ ಮೇಲೆಯೇ ಮಾರ್ಕರ್

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಒಂದು ಪರ್ಮನೆಂಟ್ ಮಾರ್ಕರ್‌ನ ಬೆಲೆಗೆ ಮನೆಯ ಚೀಲಗಳೆಲ್ಲ ಮುಗಿಯುತ್ತವೆ. ನಾಳೆ ಬೆಳಿಗ್ಗೆ ಹೊರಡಬೇಕು ಎಂದಿದ್ದರೆ ಇದೇ ಸರಿ.

ಆದರೆ ಇದರ ಮಿತಿಗಳು ಗೊತ್ತಿರಬೇಕು. ಸಾಮಾನ್ಯ ಮಾರ್ಕರ್‌ನ ಬಣ್ಣ ನೀರಿಗೆ ಹೋಗದು, ಸ್ಪಿರಿಟ್‌ಗೆ ಕರಗುತ್ತದೆ. ಚೀಲದೊಳಗೆ ಸ್ಯಾನಿಟೈಸರ್ ಅಥವಾ ಸೆಂಟು ಚೆಲ್ಲಿದರೆ ಅಕ್ಷರ ಹರಡಿ ಪಕ್ಕದ ಬಟ್ಟೆಗೂ ಹತ್ತುತ್ತದೆ. ಬಟ್ಟೆಗೆಂದೇ ಮಾಡಿದ ಮಾರ್ಕರ್‌ಗೆ ಬೆಲೆ ಹೆಚ್ಚಾದರೂ ಒಗೆತಕ್ಕೆ ತಾಳಿಕೆ ಬರುತ್ತದೆ. ಹೊಸ ಕೋರಾ ಚೀಲಕ್ಕೆ ಗಂಜಿ ಇರುತ್ತದೆ. ಅದರ ಮೇಲೆ ಬರೆದರೆ ಅಕ್ಷರ ಬಹಳ ಚೊಕ್ಕವಾಗಿ ಮೂಡುತ್ತದೆ, ಆದರೆ ಮೊದಲ ಒಗೆತದಲ್ಲಿ ಗಂಜಿಯ ಜೊತೆ ಶಾಯಿಯೂ ಅರ್ಧ ಹೋಗುತ್ತದೆ. ಗಂಜಿ ತೆಗೆದು ಬರೆದರೆ ಶಾಯಿ ನೂಲಿನುದ್ದಕ್ಕೂ ಹರಿಯುತ್ತದೆ. ಎರಡನ್ನೂ ಸಂಭಾಳಿಸುವ ದಾರಿ: ಒಮ್ಮೆ ಒಗೆದು, ಒಣಗಿಸಿ, ಬಿಸಿ ಇಸ್ತ್ರಿ ಹಾಕಿ ತೇವ ಪೂರ್ತಿ ಹೋದ ಮೇಲೆ, 1 ಮಿ.ಮೀ. ಮೊನೆಯ ಪೆನ್ನಿನಲ್ಲಿ ನಿಲ್ಲಿಸದೆ ಸಣ್ಣ ಗೀಟುಗಳಾಗಿ ಬರೆಯುವುದು. ಪೆನ್ನು ಒಂದೇ ಕಡೆ ನಿಂತರೆ ಅಲ್ಲೊಂದು ಬೊಟ್ಟು. ಚೀಲದೊಳಗೆ ಒಂದು ರಟ್ಟು ತೂರಿಸದಿದ್ದರೆ ಹಿಂಬದಿಗೂ ಇಳಿಯುತ್ತದೆ.

ಕಡುಬಣ್ಣದ ಚೀಲ, ಹೂವಿನ ಚಿತ್ರದ ಚೀಲ, ನೈಲಾನ್ ಪೌಚ್‌ಗೆ ಈ ದಾರಿ ಬೇಡ. ತಪ್ಪು ಬರೆದರೆ ತಿದ್ದಲಿಕ್ಕೂ ಆಗದು.

ಹತ್ತಿಯ ಪಟ್ಟಿಯ ಮೇಲೆ ಬರೆದು ಹೊಲಿಯುವುದು

ಹೆಚ್ಚಿನವರಿಗೆ ನಮ್ಮ ಸಲಹೆ ಇದೇ, ಹಾಗಾಗಿ ವಿವರವಾಗಿ ನೋಡೋಣ. ಚೀಲ ಯಾವ ಬಣ್ಣದ್ದೇ ಇರಲಿ, ಯಾವ ಬಟ್ಟೆಯದೇ ಇರಲಿ, ಓದುವ ಜಾಗ ಬಿಳಿಯಾಗಿಯೇ ಇರುತ್ತದೆ. ಬರವಣಿಗೆ ಕೆಟ್ಟರೆ ಬಿಸಾಡುವುದು ಒಂದು ತುಂಡು ಪಟ್ಟಿಯನ್ನು, ಚೀಲವನ್ನಲ್ಲ. ಮುಂದೆ ಚೀಲದ ಉಪಯೋಗ ಬದಲಾದರೆ ಹೊಲಿಗೆ ಬಿಚ್ಚಿ ಬೇರೆ ಪಟ್ಟಿ ಹಾಕಿದರಾಯಿತು.

ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಹತ್ತಿಯ ಟ್ವಿಲ್ ಟೇಪ್ ಎಂದು ಕೇಳಿ. ಅಗಲ 20ರಿಂದ 25 ಮಿ.ಮೀ. ಇರಲಿ. ಸ್ಯಾಟಿನ್ ರಿಬ್ಬನ್ ಕೊಟ್ಟರೆ ಬೇಡವೆನ್ನಿ, ಅದು ಪಾಲಿಯೆಸ್ಟರ್. ಶಾಯಿ ಮೇಲೆಯೇ ನಿಂತು ಒರೆಸಿಕೊಂಡು ಹೋಗುತ್ತದೆ. ಒಂದು ಚೀಲಕ್ಕೆ 12 ಸೆಂ.ಮೀ. ಸಾಕು, ಹತ್ತು ಚೀಲಕ್ಕೆ ಒಂದೂವರೆ ಮೀಟರ್ ತಂದರೆ ಕೆಟ್ಟು ಹೋಗುವ ತುಂಡುಗಳಿಗೂ ಆಯಿತು. ತಂದದ್ದನ್ನು ಕತ್ತರಿಸುವ ಮೊದಲು ಬಿಸಿನೀರಲ್ಲಿ ಅದ್ದಿ ಒಣಗಿಸಿ. ಹತ್ತಿ ಪಟ್ಟಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಕುಗ್ಗಿಸದೆ ನೈಲಾನ್ ಚೀಲಕ್ಕೆ ಹೊಲಿದರೆ ಆಮೇಲೆ ಚೀಲವೇ ನಿರಿಗೆ ಹಿಡಿದಂತೆ ಕಾಣುತ್ತದೆ.

ಬರೆಯುವುದು ಹೊಲಿಯುವ ಮೊದಲು. ಪಟ್ಟಿಯ ಎರಡೂ ತುದಿಯನ್ನು ಮಾಸ್ಕಿಂಗ್ ಟೇಪಿನಿಂದ ರಟ್ಟಿಗೆ ಬಿಗಿಯಾಗಿ ಅಂಟಿಸಿದರೆ ಪೆನ್ನು ಎಳೆಯುವಾಗ ಪಟ್ಟಿ ಜಗ್ಗುವುದಿಲ್ಲ. ಮಧ್ಯದಲ್ಲಿ ಮಡಿಕೆ ಬರುವ ಜಾಗಕ್ಕೆ ಪೆನ್ಸಿಲ್ ಗೆರೆ, ಎರಡು ತುದಿಯಲ್ಲೂ ಹೊಲಿಗೆಯೊಳಗೆ ಹೋಗುವ 1 ಸೆಂ.ಮೀ. ಬಿಟ್ಟು ಗೆರೆ. ನಡುವೆ ಎರಡು ಕಡೆಯೂ 5 ಸೆಂ.ಮೀ. ಉಳಿಯುತ್ತದೆ. ಎರಡೂ ಕಡೆ ಒಂದೇ ಪದ ಬರೆಯಿರಿ, ಚೀಲ ಹೇಗೆ ಬಿದ್ದಿದ್ದರೂ ಓದಲು ಸಿಗಬೇಕು. ಮಡಚಿದ ಮೇಲೆ ಒಂದು ಪದ ತಲೆಕೆಳಗಾಗದಂತೆ ಮೊದಲೇ ಖಾಲಿ ತುಂಡನ್ನು ಮಡಚಿ ನೋಡಿಕೊಳ್ಳಿ; ಬಹಳ ಜನ ಎಡವುವುದು ಇಲ್ಲಿ. ಶಾಯಿ ಒಣಗಲು ಹತ್ತು ನಿಮಿಷ ಬಿಟ್ಟು, ಮೇಲೊಂದು ಹಳೆಯ ಬಟ್ಟೆ ಹಾಸಿ, ಮೂರು ಚುಕ್ಕೆಯ ಬಿಸಿಯಲ್ಲಿ ಎರಡು ನಿಮಿಷ ಇಸ್ತ್ರಿ ಒತ್ತಿ.

ಹೊಲಿಯುವುದು ಎಲ್ಲಿ ಎನ್ನುವುದು ಏನು ಬರೆದಿದ್ದೀರಿ ಎನ್ನುವಷ್ಟೇ ಮುಖ್ಯ. ಲಾಡಿ ಎಳೆದಾಗ ಚೀಲದ ಬಾಯಿ ನಿರಿಗೆಗಟ್ಟುತ್ತದೆ, ಅಲ್ಲಿ ಹಾಕಿದ ಪಟ್ಟಿ ಆ ನಿರಿಗೆಯೊಳಗೆ ಮುಚ್ಚಿಹೋಗುತ್ತದೆ. ಚೀಲದ ಹೊಟ್ಟೆಯ ಮೇಲೆ ಹಾಕಿದರೆ ಸೂಟ್‌ಕೇಸಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿಟ್ಟಾಗ ಕಾಣದು. ಸರಿಯಾದ ಜಾಗ ಪಕ್ಕದ ಹೊಲಿಗೆ: ಲಾಡಿಯ ದಾರಿಯಿಂದ ಮೂರು ಸೆಂ.ಮೀ. ಕೆಳಗೆ ಹೊಲಿಗೆ ಬಿಚ್ಚಿ, ಮಡಚಿದ ಪಟ್ಟಿಯ ತುದಿ ತೂರಿಸಿ, ಮುಂದಕ್ಕೂ ಹಿಂದಕ್ಕೂ ಎರಡು ಸಲ ಹೊಲಿದುಬಿಟ್ಟರೆ ಪಟ್ಟಿ ಪುಟ್ಟ ಬಾವುಟದಂತೆ ಹೊರಗೆ ನಿಲ್ಲುತ್ತದೆ. ಜಿಪ್ ಪೌಚ್ ಆದರೆ ಜಿಪ್ ಮುಗಿಯುವ ತುದಿಯ ಹೊಲಿಗೆಯಲ್ಲಿ. ಹೊಲಿಯುವ ನೂಲು ಪಾಲಿಯೆಸ್ಟರ್‌ದೇ ಆಗಲಿ, ಅದಕ್ಕೆ ಬೂಷ್ಟಿನ ಭಯ ಕಡಿಮೆ. ತೆಳು ನೈಲಾನ್‌ಗೆ 11ನೇ ನಂಬರಿನ ಸೂಜಿ, ಸಾಧಾರಣ ಹತ್ತಿಗೆ 14, ಕ್ಯಾನ್ವಾಸ್‌ಗೆ 16. ನೀರು ಒಳಗಿಳಿಯದ ಲೇಪನವಿರುವ ಚೀಲದ ನಡುವೆ ಹೊಸದಾಗಿ ಹೊಲಿಗೆ ಹಾಕಬೇಡಿ. ಸೂಜಿಯ ಪ್ರತಿ ತೂತೂ ನೀರಿಗೆ ದಾರಿ. ಈಗಾಗಲೇ ಇರುವ ಅಂಚಿನ ಹೊಲಿಗೆಗೇ ಸೇರಿಸಿ.

ಹೊಲಿಗೆ ಮೆಷಿನ್ ಇಲ್ಲದವರು ಬೀದಿಯ ಟೈಲರ್ ಹತ್ತಿರ ಬರೆದಿಟ್ಟ ಪಟ್ಟಿಗಳನ್ನೂ ಚೀಲಗಳನ್ನೂ ಒಟ್ಟಿಗೆ ಕೊಟ್ಟರೆ ಹತ್ತು ಚೀಲ ಅರ್ಧ ಗಂಟೆಯ ಕೆಲಸ. ಯಾವ ಪಟ್ಟಿ ಯಾವ ಚೀಲಕ್ಕೆ ಎಂದು ಕ್ಲಿಪ್ ಹಾಕಿ ಕೊಡಿ.

ಕಸೂತಿ

ಬಾಳಿಕೆಯಲ್ಲಿ ಇದಕ್ಕೆ ಸಮನಿಲ್ಲ. ಚೀಲ ಹರಿದರೂ ಅಕ್ಷರ ಉಳಿಯುತ್ತದೆ. ಕತ್ತಲಲ್ಲಿ ಬೆರಳಾಡಿಸಿದರೆ ಕೈಗೆ ತಿಳಿಯುತ್ತದೆ. ಉಡುಗೊರೆಗೆ, ಮದುಮಗಳ ಪೆಟ್ಟಿಗೆಗೆ ಇಷ್ಟು ಚಂದದ್ದು ಬೇರಿಲ್ಲ. ಸಮಯ ಬೇಕು, ಅಷ್ಟೇ.

ಕಸೂತಿ ನೂಲಿನ ಒಂದು ಲಡಿಯಲ್ಲಿ 8 ಮೀಟರ್, ಆರು ಎಳೆ ಸೇರಿದ ನೂಲು ಇರುತ್ತದೆ. ಅಕ್ಷರಕ್ಕೆ ಮೂರೆಳೆ ಸಾಕು. ಆರೆಳೆಯಲ್ಲಿ ಹಾಕಿದರೆ ಸಣ್ಣ ಸುರುಳಿಗಳು ಮುಚ್ಚಿಹೋಗುತ್ತವೆ. ಕನ್ನಡದ ಅಕ್ಷರಕ್ಕೆ ತುದಿಗೆ ತುದಿ ತಾಗುವ ಬ್ಯಾಕ್ ಸ್ಟಿಚ್‌ಗಿಂತ, ಒಂದರ ಪಕ್ಕ ಒಂದು ಅರ್ಧ ಮೇಲೇರಿ ಹಗ್ಗದಂತೆ ಕಾಣುವ ಸ್ಟೆಮ್ ಸ್ಟಿಚ್ ಹೊಂದುತ್ತದೆ, ನಮ್ಮ ಲಿಪಿಯಲ್ಲಿ ನೇರ ಗೆರೆಗಿಂತ ಬಳುಕು ಹೆಚ್ಚು. ತಿರುವಿನಲ್ಲಿ ಹೊಲಿಗೆ 2 ಮಿ.ಮೀ.ಗೆ ಇಳಿಸದಿದ್ದರೆ ದುಂಡಗಿನ ‘ರ’ ಮೂಲೆಮೂಲೆಯಾಗಿ ಕಾಣುತ್ತದೆ.

ಒತ್ತಕ್ಷರದ ವಿಷಯದಲ್ಲಿ ಎಚ್ಚರ ಬೇಕು. ‘ಇಸ್ತ್ರಿ’ ಎಂದು ಬರೆಯಲು ಒಂದರ ಕೆಳಗೊಂದು ಒತ್ತು ಬರುತ್ತದೆ, 15 ಮಿ.ಮೀ. ಎತ್ತರದಲ್ಲೂ ಅದು ಗಂಟಿನ ಹಾಗೆ ಕಾಣುತ್ತದೆ. ಅಂಗಡಿಯ ಕಂಪ್ಯೂಟರ್ ಕಸೂತಿಯಲ್ಲೂ ಇದೇ ಪಾಡು. ಜೊತೆಗೆ ಅಲ್ಲಿನ ತಂತ್ರಾಂಶದಲ್ಲಿ ಕನ್ನಡದ ಒತ್ತು, ಅರ್ಕಾವೊತ್ತು ಬಿಡಿಬಿಡಿಯಾಗಿ ಕೂರುವುದುಂಟು. ಹೊಲಿಸುವ ಮೊದಲು ಪರದೆಯ ಮೇಲೆ ಪದವನ್ನು ನೀವೇ ಓದಿ ನೋಡಿ. ಇದಕ್ಕಿಂತ ಸುಲಭ, ಒತ್ತಿಲ್ಲದ ಪದ ಆರಿಸುವುದು: ಔಷಧ, ಊಟ, ಮಳೆ, ಚಳಿ, ಮಡಿ, ಮಗು, ರಾತ್ರಿಯ ಬದಲು ಇರುಳು.

ಹೊಲಿದ ಮೇಲೆ ಹಿಂಬದಿಯ ನೂಲು ಚೀಲದೊಳಗಿನ ಸಾಮಾನಿಗೆ ಸಿಕ್ಕಿಕೊಳ್ಳುತ್ತದೆ. ಚಾರ್ಜರ್ ಪಿನ್ನು, ಕಿವಿಯೋಲೆಯ ಕೊಕ್ಕೆ ಹೋಗುವ ಚೀಲವಾದರೆ ಒಳಗಿನಿಂದ ಒಂದು ತುಂಡು ತೆಳು ಬಟ್ಟೆ ಕೊಡಿ.

ಬಟ್ಟೆಗೆ ಹಚ್ಚುವ ಬಣ್ಣ, ಇಸ್ತ್ರಿ ಅಕ್ಷರ

ಒಂದೇ ಬಗೆಯ ಇಪ್ಪತ್ತು ಮೂವತ್ತು ಚೀಲ ಇದ್ದರೆ, ಅಂದರೆ ಶಾಲೆಯ ಪ್ರವಾಸಕ್ಕೋ ಭಜನಾ ಮಂಡಳಿಯ ಯಾತ್ರೆಗೋ ಆದರೆ, ಹಾಳೆಯಲ್ಲಿ ಅಕ್ಷರದ ಆಕಾರ ಕೊರೆದ ಅಚ್ಚು ಕತ್ತರಿಸಿ ಫ್ಯಾಬ್ರಿಕ್ ಪೇಂಟ್ ಹಚ್ಚುವುದು ಲಾಭ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಚೆನ್ನಾಗಿ ಬರುತ್ತದೆ. ಇಲ್ಲೂ ನಮ್ಮ ಲಿಪಿಗೆ ಅದರದ್ದೇ ತೊಡಕು: ‘ಠ’, ‘ಥ’, ‘ಬ’ದಂಥ ಅಕ್ಷರದ ಒಳಗಿನ ಮುಚ್ಚಿದ ಜಾಗ ಕತ್ತರಿಸಿದಾಗ ಉದುರಿಹೋಗುತ್ತದೆ, 2 ಮಿ.ಮೀ. ಅಗಲದ ಸೇತುವೆ ಬಿಟ್ಟು ಕತ್ತರಿಸಬೇಕು. ಸ್ಪಂಜಿನಲ್ಲಿ ಬಣ್ಣ ತೀರಾ ಕಡಿಮೆ ತೆಗೆದು ಕುಟ್ಟುತ್ತ ಹಚ್ಚಿ, ಬಳಿದರೆ ಅಚ್ಚಿನ ಅಡಿಗೆ ನುಗ್ಗುತ್ತದೆ. ಒಂದು ಪೂರ್ತಿ ದಿನ ಒಣಗಿಸಿ, ಹಿಂಬದಿಯಿಂದ ಇಸ್ತ್ರಿ ಹಾಕಿ, ಮೂರು ದಿನ ಒಗೆಯದೆ ಇಡಿ. ಜುಲೈ ತಿಂಗಳಲ್ಲಿ ಆ ಒಂದು ದಿನ ಎರಡಾಗುತ್ತದೆ. ಫ್ಯಾನಿನಡಿ ಇಟ್ಟು ಬೆರಳಿಗೆ ಅಂಟದಿದ್ದರೆ ಮಾತ್ರ ಇಸ್ತ್ರಿ.

ಇಸ್ತ್ರಿ ಒತ್ತಿ ಅಂಟಿಸುವ ವಿನೈಲ್ ಅಕ್ಷರವನ್ನು ಟೀ ಶರ್ಟ್ ಪ್ರಿಂಟ್ ಮಾಡುವವರು ಕತ್ತರಿಸಿ ಕೊಡುತ್ತಾರೆ. ಮೊದಲ ದಿನ ಇದರಷ್ಟು ಸ್ಪಷ್ಟ ಬೇರಾವುದೂ ಕಾಣದು. ಆದರೆ ಪ್ರಯಾಣದ ಚೀಲವನ್ನು ಮಡಚುತ್ತ, ತುರುಕುತ್ತ ಇರುತ್ತೇವೆ. ಮಡಿಕೆಯಲ್ಲಿ ವಿನೈಲ್ ಬಿರುಕು ಬಿಡುತ್ತದೆ, ತೆಳು ಕೊಂಬುಗಳು ಏಳುತ್ತವೆ. ನೈಲಾನ್‌ಗೆ ಬೇಕಾದ ಬಿಸಿ ಕೊಡಲಾಗದು, ಬಿಸಿ ಸಾಲದಿದ್ದರೆ ಅಂಟದು. ದಪ್ಪ ಕ್ಯಾನ್ವಾಸ್ ಚೀಲ, ದಪ್ಪ ಅಕ್ಷರ ಎಂದಾದರೆ ಮಾತ್ರ ಇದಕ್ಕೆ ದುಡ್ಡು ಹಾಕಿ.

ಬದಲಾಗುವ ಸಾಮಾನಿಗೆ: ಕಿಟಕಿ ಮತ್ತು ಚೀಟಿ

ಪಾರದರ್ಶಕ ಪ್ಲಾಸ್ಟಿಕ್‌ನ ಪುಟ್ಟ ಜೇಬು ಹೊಲಿದು, ಅದರೊಳಗೆ ಚೀಟಿ ಇಡುವ ಕ್ರಮ ಮಕ್ಕಳಿರುವ ಮನೆಗೆ, ಪದೇಪದೇ ಬೇರೆ ಬೇರೆ ಕಡೆ ಹೋಗುವವರಿಗೆ ಹೇಳಿ ಮಾಡಿಸಿದ್ದು. ವಿಸಿಟಿಂಗ್ ಕಾರ್ಡಿನ ಅಳತೆ, ಅಂದರೆ 9ಕ್ಕೆ 5.5 ಸೆಂ.ಮೀ. ಹಿಡಿಸುವಂತೆ ಇರಲಿ. ಮೂರು ಕಡೆ ಹೊಲಿದು ಬಾಯಿಯನ್ನು ಪಕ್ಕಕ್ಕೆ ಬಿಡಿ. ಮೇಲಕ್ಕೆ ಬಿಟ್ಟರೆ ಮಳೆನೀರು ಇಳಿಯುತ್ತದೆ, ಕೆಳಕ್ಕೆ ಬಿಟ್ಟರೆ ಚೀಟಿ ಜಾರುತ್ತದೆ.

ಪ್ಲಾಸ್ಟಿಕ್ ಹೊಲಿಯುವಾಗ ಹೊಲಿಗೆ ಉದ್ದವಾಗಿರಬೇಕು, 3.5ರಿಂದ 4 ಮಿ.ಮೀ. ಒತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ಅಂಚೆಚೀಟಿಯಂತೆ ಹರಿದುಬರುತ್ತದೆ. ಮೆಷಿನ್ನಿನ ಪಾದಕ್ಕೆ ಪ್ಲಾಸ್ಟಿಕ್ ಅಂಟಿ ಮುಂದೆ ಹೋಗದಿದ್ದರೆ ಮೇಲೊಂದು ತೆಳು ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಪಿನ್ ಚುಚ್ಚಬೇಡಿ, ಆ ತೂತು ಹಾಗೇ ಉಳಿಯುತ್ತದೆ. ಬಟ್ಟೆ ಕ್ಲಿಪ್ ಹಾಕಿ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ಸಿಲಿನ ಗೆರೆ ನೀರಿಗೆ ಕದಡದು. ಲೇಸರ್ ಪ್ರಿಂಟ್ ತೆಗೆದ ಚೀಟಿಯ ಅಕ್ಷರ ಪಿವಿಸಿ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಚೀಟಿಯಿಂದ ಎದ್ದುಬರುತ್ತದೆ. ಹಲವು ಜೆಲ್ ಪೆನ್ನುಗಳ ಶಾಯಿ ಒಂದು ತೊಟ್ಟು ನೀರಿಗೇ ಹೋಗುತ್ತದೆ. ಈ ಜೇಬಿನ ಕೊರತೆ ಎಂದರೆ ಚೀಲವನ್ನು ಬಿಸಿನೀರಿಗೆ ಹಾಕುವಂತಿಲ್ಲ, ಇಸ್ತ್ರಿಯೂ ಇಲ್ಲ. ಒಗೆಯುವ ದಿನ ಚೀಟಿ ತೆಗೆಯಲು ಮರೆತರೆ ಮುದ್ದೆ.

ಲಾಡಿಗೆ ದಾರದಲ್ಲಿ ಕಟ್ಟುವ ರಟ್ಟಿನ ಟ್ಯಾಗ್ ಒಂದು ಪ್ರಯಾಣಕ್ಕೆ ಮಾತ್ರ. ಅದನ್ನು ರಬ್ಬರ್ ಬ್ಯಾಂಡಿನಿಂದ ಸೀರೆ ಚೀಲಕ್ಕೆ ಕಟ್ಟಲೇಬಾರದು: ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯ ಜರಿ ಕಪ್ಪಾಗುತ್ತದೆ.

ಬಣ್ಣ ಮತ್ತು ಗುಂಡಿ

ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಲಾಡಿ ಹಾಕಿದರೆ ಇದು ಅಮ್ಮನದು, ಇದು ತಮ್ಮನದು ಎಂದು ದೂರದಿಂದಲೇ ತಿಳಿಯುತ್ತದೆ. ಆದರೆ ಬಣ್ಣ ಯಾರದ್ದು ಎಂದು ಹೇಳಬಲ್ಲದೇ ಹೊರತು ಒಳಗೇನು ಎಂದು ಹೇಳಲಾರದು. ಹಸಿರು ಎಂದರೆ ಸಾಕ್ಸೋ ಟವೆಲ್ಲೋ ಎಂದು ನೆನಪಿಡುವ ಕೆಲಸ ನಮ್ಮ ತಲೆಗೇ ಬೀಳುತ್ತದೆ. ಐದಾರು ಬಣ್ಣ ದಾಟಿದರೆ ನೆನಪು ಸೋಲುತ್ತದೆ. ಮನೆಯಲ್ಲಿ ಕೆಂಪು–ಹಸಿರು ಭೇದ ಕಾಣದವರಿದ್ದರೆ ನೀಲಿ–ಹಳದಿ ಜೋಡಿ ಹಾಕಿ.

ಬಣ್ಣಕ್ಕಿಂತ ನಂಬಿಕೆಯದ್ದು ಗುಂಡಿ. ಚೀಲದ ಬಾಯಿಯ ಹತ್ತಿರ ಒಂದು ಗುಂಡಿ ಎಂದರೆ ಔಷಧ, ಎರಡು ಎಂದರೆ ಒಳ ಉಡುಪು, ಮೂರು ಎಂದರೆ ವಯರು, ಚಾರ್ಜರ್. ಕತ್ತಲಲ್ಲಿ ಬೆರಳಿಗೆ ಎಣಿಕೆ ಸಿಗುತ್ತದೆ, ಕಣ್ಣು ಮಂಜಾದ ಹಿರಿಯರಿಗೂ ಸಿಗುತ್ತದೆ. ಪಟ್ಟಿ ಹೊಲಿದಿದ್ದರೂ ಔಷಧದ ಚೀಲಕ್ಕೆ ಮಾತ್ರ ಒಂದು ದೊಡ್ಡ ಗುಂಡಿ ಸೇರಿಸುವುದು ಒಳ್ಳೆಯದು.

ಏನು ಬರೆಯಬೇಕು

‘ಬಟ್ಟೆ’ ಎಂದು ಬರೆದರೆ ಯಾವ ಬಟ್ಟೆ ಎಂದು ಮತ್ತೆ ಬಿಚ್ಚಬೇಕು. ‘ಇತರೆ’ ಎಂದು ಬರೆದ ಚೀಲ ಎರಡೇ ಪ್ರಯಾಣದಲ್ಲಿ ಕಸದ ಬುಟ್ಟಿಯಾಗುತ್ತದೆ. ವಸ್ತುವಿನ ಹೆಸರಿಗಿಂತ ಉಪಯೋಗದ ಹೆಸರು ಹೆಚ್ಚು ಕಾಲ ನಿಲ್ಲುತ್ತದೆ: ಸ್ನಾನ, ಮಳೆ, ಇರುಳು. ನಮ್ಮೂರಿನವರಿಗೆ ‘ಒದ್ದೆ’ ಎಂಬ ಚೀಲ ಒಂದು ಬೇಕೇ ಬೇಕು. ಕೊಲ್ಲೂರು, ಧರ್ಮಸ್ಥಳ ಅಥವಾ ಉಡುಪಿಯ ಮಠಕ್ಕೆ ಹೋಗುವವರು ಪಂಚೆ, ಶಾಲು ಇಡುವ ‘ಮಡಿ’ ಚೀಲವನ್ನು ಅದರ ಪಕ್ಕದಲ್ಲಿ ಇಡದೆ, ಪಟ್ಟಿಯ ಬಣ್ಣವನ್ನೂ ಬೇರೆ ಮಾಡಿದರೆ ಗಡಿಬಿಡಿಯಲ್ಲಿ ಅದಲುಬದಲಾಗದು. ಮುಂಬೈಯ ನೆಂಟರಿಗೆ ಒಯ್ಯುವ ಒಣಮೀನಿಗೆ ಬಟ್ಟೆ ಚೀಲವೇ ಬೇಡ, ಎಷ್ಟು ಗುರುತು ಹಾಕಿದರೂ ವಾಸನೆ ಉಳಿದ ಚೀಲಗಳಿಗೆ ಹತ್ತುತ್ತದೆ. ಗಾಳಿಯಾಡದ ಡಬ್ಬವೇ ಸರಿ.

ಬಂಗಾರ, ಹಣ, ಪಾಸ್‌ಪೋರ್ಟ್ ಎಂದು ಹೊರಗೆ ಬರೆಯಲೇಬೇಡಿ. ಅಂಥ ಚೀಲಕ್ಕೆ ಗುಂಡಿಯ ಗುರುತು ಸಾಕು. ಫೋನ್ ನಂಬರ್ ಬರೆಯುವುದಿದ್ದರೆ ಚೀಲದ ಒಳಮೈಗೆ. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕ್ ಚೀಲದ ಪಟ್ಟಿಯಲ್ಲಿ ‘ಕೈಚೀಲ’ ಎಂದೂ ಸೇರಿಸಿ. ಪವರ್ ಬ್ಯಾಂಕ್ ಕ್ಯಾಬಿನ್ ಸಾಮಾನಿನಲ್ಲೇ ಹೋಗಬೇಕು, ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ. ಔಷಧದ ಚೀಲದ ಮೇಲಿನ ಗುರುತು ಚೀಲ ಹುಡುಕಲು ಮಾತ್ರ. ಮಾತ್ರೆಗಳನ್ನು ಅವುಗಳ ಸ್ಟ್ರಿಪ್‌ನಿಂದ ಬಿಡಿಸಿ ತುಂಬಬೇಡಿ, ಡಾಕ್ಟರ ಚೀಟಿಯನ್ನೂ ಒಳಗಿಡಿ.

ಹಾಗಾದರೆ ಯಾರಿಗೆ ಯಾವುದು

ಮಣಿಪಾಲದ ಹಾಸ್ಟೆಲಿಗೆ ಹೋಗುವ ವಿದ್ಯಾರ್ಥಿಗೆ ಹತ್ತಿ ಪಟ್ಟಿ. ಬಟ್ಟೆ ಹೊರಗೆ ಒಗೆಯಲು ಕೊಡುವುದಿದ್ದರೆ ಒಂದು ಕಡೆ ಒಳಗೇನಿದೆ ಎಂದು, ಇನ್ನೊಂದು ಕಡೆ ಕೋಣೆ ನಂಬರ್. ಪುಟ್ಟ ಮಕ್ಕಳ ಸಂಸಾರಕ್ಕೆ ಚೀಟಿಯ ಜೇಬು, ಜೊತೆಗೆ ಒಬ್ಬೊಬ್ಬರಿಗೆ ಒಂದು ಬಣ್ಣದ ಲಾಡಿ. ವರ್ಷಕ್ಕೊಮ್ಮೆ ಊರಿಗೆ ಬಂದುಹೋಗುವ ಗಲ್ಫಿನವರ ನೈಲಾನ್ ಪ್ಯಾಕಿಂಗ್ ಕ್ಯೂಬ್‌ಗೆ, ಅಂದರೆ ಜಿಪ್ ಇರುವ ಚೌಕ ಚೀಲಕ್ಕೆ, ಜಿಪ್ಪಿನ ತುದಿಯಲ್ಲಿ ಪಟ್ಟಿ, ಎರಡು ಕಡೆ ಎರಡು ಲಿಪಿಯಲ್ಲಿ. ಹಿರಿಯರಿಗೆ ದೊಡ್ಡ ಅಕ್ಷರದ ಕಸೂತಿ ಅಥವಾ ಗುಂಡಿ. ದುಡ್ಡೂ ಸಮಯವೂ ಇಲ್ಲವೆಂದರೆ ಮಾರ್ಕರ್, ಅದೂ ಬಿಳಿ ಹತ್ತಿ ಚೀಲಕ್ಕೆ ಮಾತ್ರ. ರೇಷ್ಮೆ ಸೀರೆಗೆ ನಾನ್‌ವೋವನ್ ಕವರಿನ ಬದಲು ಒಗೆದ ಮೆತ್ತನೆಯ ಹತ್ತಿ ಚೀಲ ಹೊಲಿಸಿ, ಬರೆದ ಪಟ್ಟಿ ಸೀರೆಗೆ ತಾಗದಂತೆ ಹೊರ ಅಂಚಿನಲ್ಲಿರಲಿ.

ಯಾವುದನ್ನೇ ಆರಿಸಿ, ಮೊದಲು ಒಂದೇ ಚೀಲಕ್ಕೆ ಮಾಡಿ. ಅದನ್ನು ಎರಡು ಸಲ ಒಗೆದು, ಸೂಟ್‌ಕೇಸಿನಲ್ಲಿ ಬೇರೆ ಚೀಲಗಳ ನಡುವೆ ಒತ್ತಿಟ್ಟು, ರಾತ್ರಿ ಕೋಣೆಯ ದೀಪ ಆರಿಸಿ ಮೊಬೈಲ್ ಪರದೆಯ ಬೆಳಕಿನಲ್ಲಿ ಓದಲಾಗುತ್ತದೆಯೇ ನೋಡಿ. ಓದಲಾದರೆ ಉಳಿದ ಒಂಬತ್ತಕ್ಕೆ ಪಟ್ಟಿ ಕತ್ತರಿಸಿ.